ಕತ್ತಿಯ ಹದ

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲೆ ಅಜ್ಜಿಯ ಮೆಟ್ಟುಗತ್ತಿ ಸಿಕ್ಕಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ: ಮಣೆಗೆ ನೆಟ್ಟ ಅಲಗು, ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವುದು. ಸುಲಿಯೋ ಮಷಿನ್ ಬಂದಮೇಲೆ ಅಟ್ಟ ಸೇರಿದೆ. ಅಲಗು ಮಾತ್ರ ಇನ್ನೂ ಚೂಪು!

ಮಾಡಿದವರು ನಮ್ಮೂರ ಆಚಾರ್ರು. ಈಗಿಲ್ಲ. ಕಾಲೇಜು ರಜೆಯಲ್ಲಿ ಎರಡು ಬೇಸಿಗೆ ಅವರ ಕುಲುಮೆಯಲ್ಲಿ ಕೂತಿದ್ದೆ. ಮೊದಲ ಬೇಸಿಗೆ ತಿದಿ ಒತ್ತಿದ್ದಷ್ಟೇ. ಎರಡನೇ ಬೇಸಿಗೆ ಒಂದು ಕತ್ತಿ ಬಡಿದೆ, ಆಕಾರ ಚೆನ್ನಾಗೇ ಬಂತು. ಕೆಂಪಗೆ ಕಾಯಿಸಿ ಇಡಿಯಾಗಿ ನೀರಿಗೆ ಅದ್ದಿದೆ ನೋಡಿ, 'ಟಿಣ್' ಅಂತು. ಬಾಯಿಂದ ಬೆನ್ನಿನವರೆಗೆ ಬಿರುಕು. ಆಚಾರ್ರು ಬೈಯಲಿಲ್ಲ. "ಬಡಿಯೋದು ಯಾರಿಗಾದ್ರೂ ಬರುತ್ತೆ ಮಾರಾಯ್ರೆ, ಹದ ನೋಡಕ್ಕೆ ಕಣ್ಣು ಪಳಗಬೇಕು" ಅಂದರು.

ಅವರು ಬಾಯಿಯಷ್ಟನ್ನೇ ಅದ್ದಿ ತೆಗೆದು, ಕಲ್ಲಲ್ಲಿ ಉಜ್ಜಿ ಹೊಳಪು ಬರಿಸುತ್ತಿದ್ದರು. ಬೆನ್ನಲ್ಲಿ ಉಳಿದ ಕಾವು ನಿಧಾನ ಬಾಯಿಯ ಕಡೆ ಇಳಿಯುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಮೆಟ್ಟುಗತ್ತಿಗೆ ಹುಲ್ಲಿನ ಬಣ್ಣಕ್ಕೇ ಮತ್ತೆ ನೀರು. ಕಟ್ಟಿಗೆ ಕಡಿಯುವ ಕತ್ತಿಗೆ ನೇರಳೆಯ ತನಕ ಕಾಯಬೇಕು, ಇಲ್ಲದಿದ್ದರೆ ಬಾಯಿ ಮುಕ್ಕಾಗುತ್ತದೆ. ಕುಲುಮೆಯಲ್ಲಿ ಅಷ್ಟು ಕತ್ತಲೆ ಯಾಕೆ ಅಂತ ಆಗ ಗೊತ್ತಾಯಿತು. ಬಿಸಿಲಲ್ಲಿ ಕಾದ ಕಬ್ಬಿಣದ ಕೆಂಪು ಸರಿಯಾಗಿ ತಿಳಿಯುವುದಿಲ್ಲ.

ಈ ಕಣ್ಣಿಗೂ ಒಂದು ಇತಿಹಾಸ ಇದೆ. ಕೆಳದಿ ಅರಸರ ಬಿದನೂರು, ಅಂದರೆ ಈಗಿನ ಹೊಸನಗರ ತಾಲೂಕಿನ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು. ಅವನು ಅಲ್ಲಿ ಆಯುಧಗಳ ಕಾರ್ಖಾನೆ ಇಟ್ಟಿದ್ದ. 1801ರಲ್ಲಿ ಇಕ್ಕೇರಿ, ನಗರದ ದಾರಿಯಲ್ಲಿ ಹಾದ ಬುಕಾನನ್, ಮೈಸೂರು ಸೀಮೆಯ ಬೇರೆ ಕಡೆ ಇದ್ದಿಲಲ್ಲಿ ಕಬ್ಬಿಣ ಕರಗಿಸುವುದನ್ನು ವಿವರವಾಗಿ ಬರೆದಿದ್ದಾನೆ. ಆ ಕಬ್ಬಿಣ ಕಾಲಕ್ರಮೇಣ ಹೋಯಿತು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿತು, ಅದೂ ನಮ್ಮ ಕಾಡಿನ ಇದ್ದಿಲಿನಲ್ಲೇ. ಆಚಾರ್ರ ಕಾಲಕ್ಕೆ ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿ. ಕಬ್ಬಿಣ ಬದಲಾದಾಗಲೆಲ್ಲ ಹದ ಹೊಸದಾಗಿ ಕಲಿಯಬೇಕು. ಅಪ್ಪ ಹೇಳಿಕೊಟ್ಟದ್ದು ಸ್ಪ್ರಿಂಗ್ ಪಟ್ಟಿಗೆ ನಡೆಯಲಿಲ್ಲವಂತೆ. "ನಾನೂ ನಿಮ್ಮ ಹಾಗೆ ನಾಲ್ಕೈದು ಒಡೆದಿದ್ದೆ" ಅಂತ ನಕ್ಕಿದ್ದರು.

ಅವರ ಅಪ್ಪ 1964ರ ಲಿಂಗನಮಕ್ಕಿ ಮುಳುಗಡೆಯಲ್ಲಿ ಊರು ಬಿಟ್ಟವರು. ಎತ್ತಿನಗಾಡಿಗೆ ಮೊದಲು ಹೇರಿದ್ದು ಅಡಿಗಲ್ಲನ್ನಂತೆ.

ಅದು ಈಗ ಅವರ ಮಗನ ಮನೆಯಂಗಳದಲ್ಲಿದೆ. ಮಗನಿಗೆ ಶಿವಮೊಗ್ಗದಲ್ಲಿ ಕೆಲಸ. ಕೇಳಿದರೆ ಕೊಟ್ಟಾನು. ಆದರೆ ನನಗೆ ನೇರಳೆ ಬಣ್ಣ ಗುರುತಿಸುವುದು ಇನ್ನೂ ಖಾತ್ರಿಯಿಲ್ಲ. ಬಿರುಕು ಬಿಟ್ಟ ಕತ್ತಿಯನ್ನಂತೂ ಇಟ್ಟುಕೊಂಡಿದ್ದೇನೆ.