ಅಲರ್ಜಿಯೇತರ ಮೂಗಿನ ಉರಿಯೂತ

ಅಲರ್ಜಿ ಇಲ್ಲದೆಯೂ ಮೂಗಿನ ಒಳಪೊರೆ ಕೆರಳಿ ಸೀನು, ಮೂಗು ಸೋರುವುದು, ಕಟ್ಟಿಕೊಳ್ಳುವುದು, ಗಂಟಲಿಗೆ ಸಿಂಬಳ ಇಳಿಯುವುದು ಮುಂತಾದ ಲಕ್ಷಣಗಳು ತೋರುವ ಸ್ಥಿತಿ. ವೈರಸ್‌ನಿಂದ ಬರುವ ನೆಗಡಿ ಸಾಮಾನ್ಯವಾಗಿ 7–10 ದಿನಗಳಲ್ಲಿ ಇಳಿಯುತ್ತದೆ. ಆದರೆ ಅಲರ್ಜಿಯೇತರ ಉರಿಯೂತ ತಿಂಗಳುಗಟ್ಟಲೆ ಉಳಿಯಬಹುದು ಅಥವಾ ಮರುಕಳಿಸಬಹುದು. ಹೆಚ್ಚಾಗಿ 20 ವರ್ಷ ದಾಟಿದವರಲ್ಲಿ ಆರಂಭವಾಗುತ್ತದೆ. ಕಣ್ಣು, ಮೂಗುಗಳ ತುರಿಕೆ ಅಲರ್ಜಿಯಲ್ಲಿ ಇರುವಷ್ಟು ಇರುವುದಿಲ್ಲ.

ಬಗೆಗಳು: ಹೆಚ್ಚು ಕಾಣಸಿಗುವುದು ವಾಸೊಮೋಟರ್ ಬಗೆ. ತಣ್ಣನೆಯ ಗಾಳಿ, ಹವೆಯ ಬದಲಾವಣೆ, ಊದುಬತ್ತಿ ಅಥವಾ ಸಿಗರೇಟಿನ ಹೊಗೆ, ಸೆಂಟಿನ ಘಾಟು ಸೋಕಿದಾಗ ಮೂಗಿನ ನರಗಳು ಅತಿಯಾಗಿ ಸ್ಪಂದಿಸುತ್ತವೆ. ರಕ್ತನಾಳಗಳು ಹಿಗ್ಗಿ ಒಳಪೊರೆ ಊದಿಕೊಳ್ಳುತ್ತದೆ. ಖಾರದ ಊಟ ಮಾಡುವಾಗ ಮೂಗು ಸೋರುವುದು ಇನ್ನೊಂದು ಬಗೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ಮೂಗು ಕಟ್ಟುವುದುಂಟು. ಹೆರಿಗೆಯಾದ ಮೇಲೆ ಅದು ತಾನಾಗಿ ಸರಿಹೋಗುತ್ತದೆ. ಆಸ್ಪಿರಿನ್ ಹಾಗೂ ರಕ್ತದೊತ್ತಡದ ಕೆಲವು ಮಾತ್ರೆಗಳೂ ಕಾರಣವಾಗಬಲ್ಲವು. ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೊಲಿನ್, ಸೈಲೊಮೆಟಾಜೊಲಿನ್ ಹನಿಗಳನ್ನು ಹಲವು ದಿನ ಬಿಡದೆ ಬಳಸಿದರೆ ಔಷಧದ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ರೋಗಿ ಮತ್ತೆ ಅದೇ ಹನಿಗೆ ಕೈಚಾಚುತ್ತಾನೆ.

ಪತ್ತೆ: ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದ ಐಜಿಇ ಪರೀಕ್ಷೆಯಿಂದ ಅಲರ್ಜಿಯನ್ನು ತಳ್ಳಿಹಾಕುತ್ತಾರೆ. ಎಂಡೋಸ್ಕೋಪಿಯಲ್ಲಿ ದುರ್ಮಾಂಸ, ಸೊಟ್ಟ ನಡುಗೋಡೆ, ಸೈನಸ್ ಸೋಂಕು ಇವೆಯೇ ಎಂದು ನೋಡುತ್ತಾರೆ. ಅಲರ್ಜಿಯೂ ಇದೂ ಒಟ್ಟಿಗೇ ಇರುವ ರೋಗಿಗಳೂ ಇದ್ದಾರೆ.

ನಿರ್ವಹಣೆ: ಕೆರಳಿಸುವ ವಸ್ತುವನ್ನು ಗುರುತಿಸಿ ದೂರವಿಡುವುದು ಮೊದಲ ಹೆಜ್ಜೆ. ಉಪ್ಪುನೀರಿನಿಂದ ಮೂಗು ತೊಳೆಯುವುದು ಸಹಕಾರಿ. ಯೋಗಾಭ್ಯಾಸಿಗಳ ಜಲನೇತಿ ಇದೇ ರೀತಿಯದು. 1 ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಸಾಕು. ನಲ್ಲಿ ಅಥವಾ ಬಾವಿಯ ನೀರನ್ನು ಕುದಿಸಿ ಆರಿಸದೆ ಬಳಸಬಾರದು. ಅದರಲ್ಲಿ ನೆಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಇದ್ದರೆ ಮೂಗಿನ ಮೂಲಕ ಮಿದುಳಿಗೆ ಸೇರಿ ಪ್ರಾಣಕ್ಕೆ ಎರವಾಗಬಹುದು. ಕಟ್ಟಿದ ಮೂಗಿಗೆ ಸ್ಟೀರಾಯ್ಡ್ ಅಥವಾ ಅಜೆಲಾಸ್ಟಿನ್ ಸ್ಪ್ರೇ, ನೀರಿನಂತೆ ಸೋರುವ ಮೂಗಿಗೆ ಇಪ್ರಟ್ರೋಪಿಯಂ ಸ್ಪ್ರೇ ಕೊಡುತ್ತಾರೆ. ಅಲರ್ಜಿಗೆ ನುಂಗುವ ಮಾತ್ರೆಗಳಿಂದ ಇಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಹನಿಗಳ ಅತಿಬಳಕೆಯೇ ಕಾರಣವಾಗಿದ್ದರೆ ಅವನ್ನು ನಿಲ್ಲಿಸುವುದೇ ಚಿಕಿತ್ಸೆ. ಔಷಧಕ್ಕೆ ಬಗ್ಗದಿದ್ದಾಗ ಮೂಗಿನೊಳಗಿನ ಊದಿದ ಭಾಗವನ್ನು ಕುಗ್ಗಿಸುವ ಶಸ್ತ್ರಚಿಕಿತ್ಸೆ ಉಂಟು.

ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಪದೇ ಪದೇ ರಕ್ತ ಬರುವುದು, ತಲೆಗೆ ಪೆಟ್ಟು ಬಿದ್ದ ನಂತರ ತಿಳಿನೀರು ಸೋರುವುದು ಬೇರೆ ಗಂಭೀರ ಕಾಯಿಲೆಗಳ ಸೂಚನೆಯಾಗಿರಬಹುದು. ಇಂಥವರು ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು.