ಮಣ್ಣಿನಲ್ಲಿ ಮದ್ದಿನ ಹುಡುಕಾಟ

ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ನಿಮಗೆ ಪರಿಚಿತ. ಅದಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವವು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಗಳು. ನಾವು ಬಳಸುವ ಪ್ರತಿಜೈವಿಕಗಳಲ್ಲಿ, ಅಂದರೆ ಆಂಟಿಬಯಾಟಿಕ್ ಔಷಧಿಗಳಲ್ಲಿ, ಹಲವು ಬಂದಿರುವುದೂ ಇವುಗಳಿಂದಲೇ.

ಅಮೆರಿಕದ ರಟ್‌ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬಹುಕಾಲದಿಂದ ಅಭ್ಯಸಿಸುತ್ತಿದ್ದರು. ಅವರ ಹಳೆಯ ಶಿಷ್ಯ ರೆನೆ ಡ್ಯೂಬೊ 1939ರಲ್ಲಿ ಮಣ್ಣಿನ ಬ್ಯಾಕ್ಟೀರಿಯದಿಂದ ರೋಗಾಣುನಾಶಕವೊಂದನ್ನು ಪಡೆದಿದ್ದು ಅವರಿಗೆ ಹುರುಪು ತಂದಿತು. ಅವರ ಪ್ರಯೋಗಾಲಯದ ವಿಧಾನ ಸರಳ. ಪೆಟ್ರಿ ತಟ್ಟೆಯ ಅಗರ್ ಮೇಲೆ ಮಣ್ಣಿನ ಬ್ಯಾಕ್ಟೀರಿಯವನ್ನು ಒಂದು ಗೆರೆಯಾಗಿ ಬೆಳೆಸಿ, ಅದಕ್ಕೆ ಲಂಬವಾಗಿ ರೋಗಾಣುಗಳ ಗೆರೆಗಳನ್ನು ಎಳೆಯುವುದು. ಮೊದಲ ಗೆರೆಯ ಸಮೀಪ ರೋಗಾಣು ಬೆಳೆಯದಿದ್ದರೆ ಅಲ್ಲಿಗೆ ಏನೋ ವಸ್ತು ಹರಡಿದೆ ಎಂದರ್ಥ.

ಆದರೆ ರೋಗಾಣುವನ್ನು ಕೊಲ್ಲುವುದೆಲ್ಲ ಔಷಧಿಯಲ್ಲ. 1940ರಲ್ಲಿ ಸಿಕ್ಕ ಆಕ್ಟಿನೊಮೈಸಿನ್ ಪ್ರಾಣಿಗಳಿಗೂ ವಿಷವಾಗಿತ್ತು. 1942ರ ಸ್ಟ್ರೆಪ್ಟೊತ್ರೈಸಿನ್‌ನ ಹಣೆಬರಹವೂ ಅದೇ ಆಯಿತು. 1943ರಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23ರ ವಿದ್ಯಾರ್ಥಿ ನೆಲಮಾಳಿಗೆಯ ಕೋಣೆಯಲ್ಲಿ ಜೀವಂತ ಕ್ಷಯರೋಗಾಣುಗಳೊಡನೆ ಕೆಲಸ ಮಾಡುತ್ತ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್‌ನ ಎರಡು ತಳಿಗಳನ್ನು ಬೇರ್ಪಡಿಸಿದ. ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನದು, ಇನ್ನೊಂದು ಕೋಳಿಯ ಗಂಟಲಿನದು. ಅವು ಕೊಟ್ಟದ್ದೇ ಸ್ಟ್ರೆಪ್ಟೊಮೈಸಿನ್, ಕ್ಷಯಕ್ಕೆ ಪರಿಣಾಮಕಾರಿಯಾದ ಮೊದಲ ಪ್ರತಿಜೈವಿಕ. 1952ರ ನೊಬೆಲ್ ಪ್ರಶಸ್ತಿ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮುಂದೆ ಔಷಧ ಕಂಪನಿಗಳು ದೇಶದೇಶಗಳ ಮಣ್ಣು ತರಿಸಿ ಇದೇ ವಿಧಾನದಲ್ಲಿ ಸೋಸಿದವು. 1960ರ ದಶಕದ ಹೊತ್ತಿಗೆ ಸಿಕ್ಕದ್ದೇ ಮತ್ತೆ ಮತ್ತೆ ಸಿಗತೊಡಗಿತು. ಇತ್ತ ರೋಗಾಣುಗಳು ಹಳೆಯ ಔಷಧಿಗಳಿಗೆ ಬಗ್ಗದಾದವು. ಮಣ್ಣಿನ ಭಂಡಾರ ಬರಿದಾಯಿತೇ? ಇಲ್ಲ. ಒಂದೇ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿ, ಅಗರ್ ಮೇಲೆ ಬೆಳೆಸಿಯೂ ಎಣಿಸಿ. ತಟ್ಟೆಯಲ್ಲಿ ಬೆಳೆಯುವುದು ಸುಮಾರು ಶೇಕಡ 1 ಮಾತ್ರ! ಉಳಿದವನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ.

ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸ್ಲಾವಾ ಎಪ್‌ಸ್ಟೀನ್ ಮತ್ತು ಕಿಮ್ ಲೂಯಿಸ್ ಕಂಡುಕೊಂಡ ಉಪಾಯ ಭೌತವಿಜ್ಞಾನದವನಾದ ನನಗೆ ಬಹಳ ಹಿಡಿಸಿದೆ. ಬ್ಯಾಕ್ಟೀರಿಯವನ್ನು ಪ್ರಯೋಗಾಲಯಕ್ಕೆ ಒಗ್ಗಿಸುವ ಬದಲು ಪ್ರಯೋಗಾಲಯವನ್ನೇ ಮಣ್ಣಿಗೆ ಇಳಿಸಿದರು. ಐಚಿಪ್ ಎಂಬ ಪುಟ್ಟ ಫಲಕದ ಸಣ್ಣ ರಂಧ್ರಗಳಲ್ಲಿ ಸರಾಸರಿ ಒಂದೊಂದೇ ಬ್ಯಾಕ್ಟೀರಿಯ ಇರುವಂತೆ ಮಣ್ಣಿನ ದ್ರಾವಣವನ್ನು ತೆಳುಗೊಳಿಸಿ ತುಂಬುತ್ತಾರೆ. ಎರಡೂ ಬದಿಗೆ ಅರೆಪಾರಕ ಪೊರೆ ಹೊದಿಸಿ ಅದೇ ಮಣ್ಣಿನಲ್ಲಿ ಹೂಳುತ್ತಾರೆ. ಪೋಷಕ ಅಣುಗಳು ವಿಸರಣೆಯಿಂದ ಒಳಬರುತ್ತವೆ, ಜೀವಕೋಶ ಹೊರಹೋಗಲಾರದು. ಹೀಗೆ ಬೆಳೆದು ಸಮೂಹವಾದವುಗಳಲ್ಲಿ ಹಲವು ಆಮೇಲೆ ಪ್ರಯೋಗಾಲಯದಲ್ಲೂ ಬೆಳೆಯುತ್ತವೆ.

ಇಂಥ ಸುಮಾರು 10,000 ಬ್ಯಾಕ್ಟೀರಿಯಗಳನ್ನು ಜಾಲಾಡಿದಾಗ, ಮೇಯ್ನ್ ರಾಜ್ಯದ ಹುಲ್ಲುಗಾವಲಿನ ಮಣ್ಣಿನ ಒಂದರಿಂದ ಟೆಕ್ಸೊಬ್ಯಾಕ್ಟಿನ್ ದೊರೆಯಿತು. 2015ರ ಜನವರಿಯಲ್ಲಿ ಅದರ ವರದಿ ಪ್ರಕಟವಾಯಿತು. ಅದು ಹಿಡಿಯುವುದು ಪ್ರೋಟೀನನ್ನಲ್ಲ, ಕೋಶಭಿತ್ತಿ ಕಟ್ಟಲು ಬೇಕಾದ ಲಿಪಿಡ್ ಅಣುಗಳನ್ನು. ಪ್ರೋಟೀನಿನಂತೆ ಅವು ಒಂದು ಜೀನ್ ಬದಲಾದ ಮಾತ್ರಕ್ಕೆ ರೂಪ ಬದಲಿಸಲಾರವು. ಅಂದಿನ ಪ್ರಯೋಗಗಳಲ್ಲಿ ಪ್ರತಿರೋಧ ತೋರುವ ತಳಿ ಒಂದೂ ಸಿಗಲಿಲ್ಲ. ಆದರೆ ಹೊರಪೊರೆಯುಳ್ಳ ಗ್ರಾಂ-ಋಣ ಬ್ಯಾಕ್ಟೀರಿಯಗಳ ಮೇಲೆ ಇದರ ಆಟ ನಡೆಯದು. 2023ರಲ್ಲಿ ನಾರ್ತ್ ಕೆರೊಲಿನದ ಮರಳು ಮಣ್ಣಿನ ಬ್ಯಾಕ್ಟೀರಿಯದಿಂದ ಕ್ಲೊವಿಬ್ಯಾಕ್ಟಿನ್ ಎಂಬ ಇನ್ನೊಂದು ಸಿಕ್ಕಿತು. ಅದೂ ಗ್ರಾಂ-ಧನ ಬ್ಯಾಕ್ಟೀರಿಯಗಳ ವೈರಿಯೇ.