ಬಿಡುಗಡೆಯ ನಂತರದ ಬದುಕು: ಹೆಣ್ಣುಮಕ್ಕಳ ಸ್ವಾವಲಂಬನೆ ಮತ್ತು ಸಹಕಾರ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಸಂದರ್ಭದಲ್ಲಿ ಸಾಲ, ಗೊಬ್ಬರ, ಬೀಜ, ವಸೂಲಿಯ ವಿಷಯವನ್ನು ಬಲ್ಲವರು ಬರೆದಿರುತ್ತಾರೆ. ನಾನು ಬರೆಯಹೊರಟಿರುವುದು ಸಂಘದ ಲೆಕ್ಕದ ಪುಸ್ತಕದಲ್ಲಿ ಅಷ್ಟಾಗಿ ಕಾಣದ ವಿಷಯ. ಮದುವೆ ಮುರಿದು ತವರಿಗೆ ಬಂದ ಹೆಣ್ಣುಮಗಳು ತನ್ನ ಕಾಲ ಮೇಲೆ ತಾನು ನಿಲ್ಲುವುದು ಹೇಗೆ ಎಂಬುದೇ ಆ ವಿಷಯ.

'ಗಂಡ ಬಿಟ್ಟಾಕಿ' ಎಂಬ ಮಾತು ಊರಲ್ಲಿ ಸುಲಭವಾಗಿ ಬಾಯಿಗೆ ಬರ್ತದೆ. ಆಕೆ ಬಿಟ್ಟಳೋ, ಅವನು ಬಿಟ್ಟನೋ, ಯಾಕೆ ಬಿಟ್ಟರೋ ಯಾರೂ ಕೇಳೋದಿಲ್ಲ. ತವರಿಗೆ ಬಂದಾಗ ನಾಲ್ಕು ದಿನ ಎಲ್ಲರೂ ಕಣ್ಣೀರು ಒರೆಸುತ್ತಾರೆ. ಆಮೇಲೆ ಮಗುವಿನ ಔಷಧಕ್ಕೂ ಅಣ್ಣನ ಕೈ ನೋಡಬೇಕು, ಅತ್ತಿಗೆಯ ಮುಖ ನೋಡಬೇಕು. ಕಷ್ಟ ಶುರುವಾಗುವುದು ಅಲ್ಲಿಂದ.

ಬಿಡುಗಡೆ ಎಂಬುದು ನಮ್ಮ ಕಡೆಗೆ ಹೊಸದಲ್ಲ. ಅನೇಕ ಸಮಾಜಗಳಲ್ಲಿ ಕುಲದ ಪಂಚರ ಮುಂದೆ ಬೇರೆಯಾಗುವುದು, ಉಡಿಕಿ ಮಾಡಿಕೊಳ್ಳುವುದು ಹಿಂದಿನಿಂದ ನಡೆದುಬಂದಿದೆ. ಕೋರ್ಟಿನ ವಿಚ್ಛೇದನ ಮಾತ್ರ ಈಚಿನದು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ 1949ರಲ್ಲಿ ಹಿಂದೂಗಳ ದ್ವಿಪತ್ನಿತ್ವ ತಡೆ ಹಾಗೂ ವಿಚ್ಛೇದನ ಕಾಯ್ದೆ ಬಂತು. ಧಾರವಾಡ, ಬಿಜಾಪುರದ ಕಡೆ ಮುಂಬಯಿ ಪ್ರಾಂತದ ವಿಚ್ಛೇದನ ಕಾಯ್ದೆ 1947ರಲ್ಲೇ ಬಂದಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. 1955ರ ಹಿಂದೂ ವಿವಾಹ ಕಾಯ್ದೆಯಿಂದ ಈ ಹಕ್ಕು ದೇಶದ ಹಿಂದೂಗಳಿಗೆಲ್ಲ ಒಂದೇ ಆಯಿತು.

ಮುಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ವಿಚ್ಛೇದಿತೆಗೂ ಜೀವನಾಂಶ ಕೇಳುವ ದಾರಿ ತೆರೆಯಿತು. ಆದರೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ಮಿತಿ ತೆಗೆದದ್ದು 2001ರಲ್ಲಿ. ಜೀವನಾಂಶ ಹೆಣ್ಣುಮಗಳ ಹಕ್ಕು, ಬಿಡಬಾರದು. ಆದರೂ ಅದು ಮತ್ತೊಬ್ಬರ ಕೈಯಿಂದ ಬರಬೇಕಾದ ಹಣ. ಕೊಡುವವನು ನಿಲ್ಲಿಸಿದರೆ ಮತ್ತೆ ವಕೀಲರ ಮನೆ, ಮತ್ತೆ ಕೋರ್ಟಿನ ಮೆಟ್ಟಿಲು. ಸ್ವಂತ ದುಡಿಮೆಯ ಹಣ ಬೇರೆಯೇ.

ಇದನ್ನು ಬದುಕಿ ತೋರಿಸಿದ ಕನ್ನಡನಾಡಿನ ಮಗಳೊಬ್ಬಳನ್ನು ಇಲ್ಲಿ ನೆನೆಯಬೇಕು. ಕಮಲಾದೇವಿ ಚಟ್ಟೋಪಾಧ್ಯಾಯರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಯವರಿಗೆ ದಕ್ಕಿದ್ದು ತಿಂಗಳ ಖರ್ಚಿಗೆಂದು ಒಂದಿಷ್ಟು ಹಣ. ಆ ತಾಯಿ ಅದನ್ನು ಬೇಡವೆಂದರು. ತವರಿನಿಂದ ತಂದದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು.

ಕಮಲಾದೇವಿಯವರಿಗೆ ಹದಿನಾಲ್ಕಕ್ಕೆ ಮದುವೆ, ಎರಡು ವರ್ಷಕ್ಕೆ ವೈಧವ್ಯ. ಆಮೇಲೆ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಕೈ ಹಿಡಿದರು. ಒಬ್ಬ ಮಗ ಹುಟ್ಟಿದ. ಆದರೆ ಆ ಸಂಸಾರವೂ ಉಳಿಯಲಿಲ್ಲ. ನ್ಯಾಯಾಲಯದ ಮೂಲಕ ಗಂಡನಿಂದ ಬೇರೆಯಾದ ದೇಶದ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಆ ಕಾಲದಲ್ಲಿ ಜನ ಏನೇನು ಅಂದಿರಬಹುದು, ನೀವೇ ಊಹಿಸಿಕೊಳ್ಳಿ. ಅವರು ಮನೆಯೊಳಗೆ ಕೂರಲಿಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಮತ್ತೆ ಮತ್ತೆ ಜೈಲಿಗೆ ಹೋದರು.

ದೇಶ ಇಬ್ಭಾಗವಾಗಿ ನಿರಾಶ್ರಿತರು ಬಂದಾಗ, 1948ರಲ್ಲಿ ಅವರು ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ದೆಹಲಿ ಹತ್ತಿರದ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರನ್ನು ಕೂಡಿಸಿ ಸಹಕಾರಿ ಬೇಸಾಯ ಮಾಡಿಸಿದರು. ಫರಿದಾಬಾದಿನಲ್ಲಿ ಹತ್ತಾರು ಸಾವಿರ ಜನ ನೆಲೆ ಕಂಡುಕೊಳ್ಳಲು ಆ ಒಕ್ಕೂಟ ಹೆಗಲು ಕೊಟ್ಟಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಕೈಕಸುಬಿನವರ ಮಾಲಿಗೆ ಮಾರುಕಟ್ಟೆ ಒದಗಿಸಿದರು. 1966ರ ಮ್ಯಾಗ್ಸೆಸೆ ಪ್ರಶಸ್ತಿ ಅವರ ಕರಕುಶಲ ಮತ್ತು ಸಹಕಾರ ಕ್ಷೇತ್ರದ ಕೆಲಸವನ್ನು ಹೆಸರಿಸಿಯೇ ಬಂತು. 1987ರಲ್ಲಿ ಪದ್ಮವಿಭೂಷಣ. 1988ರಲ್ಲಿ ತೀರಿಕೊಂಡರು.

ಅವರು ಓದಿದವರು, ದೊಡ್ಡ ಮನೆತನದವರು, ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಅದೆಲ್ಲ ಆಗೋ ಮಾತೇ ಎಂದು ಕೆಲವರು ಕೇಳಬಹುದು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಸಂಡೂರಿನಲ್ಲಿ ಎಂ. ವೈ. ಘೋರ್ಪಡೆಯವರ ಆಸಕ್ತಿಯಿಂದ 1980ರ ದಶಕದಲ್ಲಿ ಕುಶಲ ಕಲಾ ಕೇಂದ್ರ ಶುರುವಾಯಿತು. ತಾಂಡಾದ ತಾಯಂದಿರು ಮನೆಬಳಕೆಗೆ ಹಾಕುತ್ತಿದ್ದ ಲಂಬಾಣಿ ಕಸೂತಿಗೆ ಅಲ್ಲಿ ಕೂಲಿಯೂ ಮಾರುಕಟ್ಟೆಯೂ ಸಿಕ್ಕವು. 2010ರಲ್ಲಿ ಆ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕೈಯಲ್ಲಿದ್ದ ವಿದ್ಯೆ ಹಳೆಯದೇ. ಹೊಸದಾಗಿ ಬಂದದ್ದು ಹತ್ತು ಜನ ಕೂಡಿ ಕೂರುವ ಜಾಗ ಮತ್ತು ದುಡಿದವಳ ಕೈಗೇ ಬರುವ ಹಣ.

ಇನ್ನು ಹೊಲದ ಮಾತು. ಸಂಘದಲ್ಲಿ ಬೆಳೆ ಸಾಲ ಬೇಕೆಂದರೆ ಪಹಣಿ ಬೇಕು. ಪಹಣಿಯಲ್ಲಿ ಆಕೆಯ ಹೆಸರೇ ಇಲ್ಲ! ನಮ್ಮ ರಾಜ್ಯ 1994ರಲ್ಲಿಯೇ ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೀಗಿದ್ದೂ ಅರಿಷಿಣ-ಕುಂಕುಮಕ್ಕೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕ-ತಂಗಿಯರ ಸಹಿ ತೆಗೆದುಕೊಳ್ಳುವುದು ಊರೂರಲ್ಲಿ ನಡೆದಿದೆ. ಅಣ್ಣ-ತಮ್ಮಂದಿರು ಒಮ್ಮೆ ಯೋಚಿಸಬೇಕು. ನಾಳೆ ತಂಗಿ ಮಗುವನ್ನು ಎತ್ತಿಕೊಂಡು ಬಂದರೆ, ಅರ್ಧ ಎಕರೆಯಾದರೂ ಆಕೆಯ ಹೆಸರಿನಲ್ಲಿದ್ದರೆ, ಆಕೆ ಯಾರಿಗೂ ಭಾರವಲ್ಲ.

ಹೊಲವಿಲ್ಲದವಳಿಗೂ ದಾರಿ ಉಂಟು. ಹತ್ತು-ಹದಿನೈದು ಮಂದಿ ಸೇರಿ ವಾರವಾರ ಉಳಿತಾಯ ಮಾಡುವ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000-01ರಿಂದ ಸ್ತ್ರೀಶಕ್ತಿ ಗುಂಪುಗಳು ಬೆಳೆದವು. ಗುಂಪು ಜಾಮೀನು ನಿಂತರೆ ಪಹಣಿ ಇಲ್ಲದವಳೂ ಎಮ್ಮೆ ಕಟ್ಟಬಹುದು, ಹೊಲಿಗೆ ಯಂತ್ರ ತರಬಹುದು. ನಲವತ್ತು ದಾಟಿದ ಬಡ ವಿಚ್ಛೇದಿತೆಯರಿಗೆಂದು ರಾಜ್ಯ ಸರ್ಕಾರ 2013ರಲ್ಲಿ ಮನಸ್ವಿನಿ ಮಾಸಾಶನವನ್ನೂ ತಂದಿತು.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಮ್ಮ ಮೆಟ್ರಿಯಲ್ಲಿ ಗಂಡನಿಂದ ಬೇರೆಯಾಗಿ ದುಡಿದು ತಿನ್ನುವ ಹೆಣ್ಣುಮಕ್ಕಳಿದ್ದರೆ ಅವರನ್ನು ಕರೆದು ಅವರದೇ ಹೆಸರಿನಲ್ಲಿ ಒಂದು ಷೇರು, ಒಂದು ಉಳಿತಾಯ ಖಾತೆ ಮಾಡಿಸೋಣ. 'ಇಂಥವರ ಹೆಂಡತಿ' ಎಂದೋ 'ಇಂಥವರ ತಂಗಿ' ಎಂದೋ ಅಲ್ಲ, ಸದಸ್ಯಳೆಂದೇ ಮಹಾಸಭೆಗೆ ಬಂದು ಕೂರಲಿ, ಕೈ ಎತ್ತಿ ಮಾತಾಡಲಿ. ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು ಎಂಬುದು ಸಹಕಾರದ ತತ್ವ. ಆ 'ಎಲ್ಲರು' ಎಂಬುದರೊಳಗೆ ಈ ತಾಯಂದಿರೂ ಬರಬೇಕು.